ಬಾವಿಯ ಮೇಲಿನ ಕೊಳ

17 ಏಪ್ರಿಲ್ 2005, ರವಿವಾರ

ಕೊನೆಗೂ ಬಂತು. ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲ, ನಾಲ್ಕೂವರೆ ಅಡಿ ಆಳದ ಒಂದೇ ಅಖಂಡ ನೀಲಿ ಫೈಬರ್ ಗ್ಲಾಸ್ ತೊಟ್ಟಿ, ಲಾರಿಯ ಮೇಲೆ ಬೋರಲಾಗಿ ಮಲಗಿಕೊಂಡು. ಹತ್ತರಗಿಯಲ್ಲಿ ಹೆದ್ದಾರಿ ಇಳಿದಾಗಿನಿಂದ ಕೊಣ್ಣೂರಿನ ನಮ್ಮ ಮನೆಯ ತನಕ ನಾನು ಮೋಟಾರ್ ಸೈಕಲ್ ಮೇಲೆ ಮುಂದೆ. ನಮ್ಮ ಹೊಲದ ಕೆಲಸ ನೋಡುವ ಬೀರಸಿದ್ದಪ್ಪ ಲಾರಿಯ ಮೇಲೆ ನಿಂತು ಬಿದಿರು ಗಳದಿಂದ ವೈರು ಎತ್ತುತ್ತ ಹಿಂದೆ. ಹುಕ್ಕೇರಿಯಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಮುದುಕ ಅದನ್ನು ಬಡಿದು ನೋಡಿ, "ಯಾವ ಹೊಳಿಗೆ ಬಿಡಾಕ ಒಯ್ಯಾಕತ್ತೀರಿ ಈ ದೋಣಿ?" ಎಂದ. "ಹೊಳಿಗಲ್ಲ, ಹಿತ್ತಲಕ್ಕ," ಅಂದೆ. ಅವನು ನಗಲಿಲ್ಲ.

ಊರು ಏನು ಬೇಕಾದರೂ ಅನ್ನಲಿ. ಶೋಕಿಗೆ ತಂದದ್ದಲ್ಲ. ಕಮಲಾ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಎರಡು ವರ್ಷವಾಯಿತು. ಮಿರಜದ ಡಾಕ್ಟರರು ಕೂಡಿಸಿದರು. ಎಲುಬು ಕೂಡಿದೆ, ಕಾಲು ನಡೆಯುವುದನ್ನು ಮರೆತಿದೆ. ಎದೆಮಟ್ಟದ ನೀರಲ್ಲಿ ದಿನಾ ನಡೆದರೆ ನೆನಪಾದೀತು, ಇಲ್ಲವಾದರೆ ಬರುವ ವರ್ಷದ ಹೊತ್ತಿಗೆ ಹಾಸಿಗೆಯೇ ಗತಿ ಎಂದಿದ್ದಾರೆ. ಕೋಲು ಹಿಡಿದು ಅಡುಗೆಮನೆಯಿಂದ ಬಾವಿಯ ತನಕ ಬರುವುದೇ ಅವಳಿಗೆ ಈಗ ಒಂದು ಪ್ರಯಾಣ.

ಬಾವಿಯೇ ತಕರಾರು. ಹಿತ್ತಲಲ್ಲಿ ಹದಿನೆಂಟು ಅಡಿ ಸಿಗುವುದು ಬಾವಿ ಮುಚ್ಚಿದರೆ ಮಾತ್ರ. ಅಜ್ಜ ತೋಡಿಸಿದ್ದು. ನಳ ಬಂದು ಹತ್ತು ವರ್ಷವಾದರೂ ಕಮಲಾ ಆ ಬಾವಿಯ ನೀರನ್ನಲ್ಲದೆ ಬೇರೆ ಕುಡಿದವಳಲ್ಲ. ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ ಒಂದು ಷರತ್ತಿನ ಮೇಲೆ ಒಪ್ಪಿದಳು.

21 ಏಪ್ರಿಲ್, ಗುರುವಾರ

ಇದನ್ನು ಇಲ್ಲಿ ಮಾತ್ರ ಬರೆಯಬಹುದು.

ನಾವು ಜೈನರು ನೀರು ಸೋಸದೆ ಕುಡಿಯಬಾರದು; ನಾನು ನಳದ್ದನ್ನು ಹಾಗೇ ಕುಡಿಯುತ್ತೇನೆ, ಕಮಲಾ ಬಿಟ್ಟವಳಲ್ಲ. ಆದರೆ ಸೋಸುವುದು ಅರ್ಧ ಕೆಲಸ. ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದ ತೊಳೆದು ಇಳಿಸಿ, ಎಲ್ಲಿಂದ ತಂದೆವೋ ಅದೇ ಬಾವಿಗೆ ತಿರುಗಿ ಮುಟ್ಟಿಸಬೇಕು. ಬೇರೆ ನೀರಿಗೆ ಹಾಕಿದರೆ ಅವು ಸಾಯುತ್ತವೆ, ಮೇಲಿಂದ ಸುರಿದರೂ ಸಾಯುತ್ತವೆ. ಅದಕ್ಕೆಂದೇ ನಮ್ಮಲ್ಲಿ ಒಂದು ತಾಮ್ರದ ತಂಬಿಗೆ ಇದೆ. ಕಂಠಕ್ಕೆ ಒಂದು ಹಗ್ಗ, ತಳಕ್ಕೆ ಬೆಸೆದ ಬಳೆಗೆ ಇನ್ನೊಂದು. ನೀರಿನ ಮಟ್ಟಕ್ಕೆ ಇಳಿಸಿ ತಳದ ಹಗ್ಗ ಎಳೆದರೆ ತಂಬಿಗೆ ಮೆಲ್ಲಗೆ ಹೊರಳುತ್ತದೆ, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ. ಕಮಲಾ ಮೂವತ್ತಾರು ವರ್ಷ ದಿನಾ ಬೆಳಿಗ್ಗೆ ಐದಕ್ಕೆ ಈ ಕೆಲಸ ಮಾಡಿದ್ದಾಳೆ. ಸೊಂಟ ಮುರಿದ ಮೇಲೂ ಬಾವಿಕಟ್ಟೆಗೆ ಸ್ಟೂಲು ಹಾಕಿಸಿಕೊಂಡು ಮಾಡಿದ್ದಾಳೆ.

ಅವಳ ಷರತ್ತು ಇಷ್ಟೇ. ಕೊನೆಯ ದಿನ ಸೋಸಿದ ಜೀವಗಳು ಬಾವಿ ಸೇರಿದ ಮೇಲೆಯೇ ಮೊದಲ ಬುಟ್ಟಿ ಮಣ್ಣು ಬೀಳಬೇಕು.

ಇವತ್ತು ಜೆಸಿಬಿಯವನು ಎಂಟಕ್ಕೆ ಬರುವವನು ಆರಕ್ಕೇ ಬಂದ. ಕೊನೆಯ ಸಲವೆಂದು ಕಮಲಾ ಇನ್ನೂ ಒಳಗೆ ಕುಳಿತು ನಿಧಾನವಾಗಿ ಸೋಸುತ್ತಿದ್ದಳು. ನಾನು ಕಮಲಾಳ ಕೈಯಿಂದ ತಂಬಿಗೆ ಇಸಿದುಕೊಂಡು ಹಿತ್ತಲಿಗೆ ಬರುವಷ್ಟರಲ್ಲಿ ಬಾವಿಯ ಬಾಯಿ ತನಕ ಮಣ್ಣು. ಯಂತ್ರದ ಸದ್ದಿನಲ್ಲಿ ಯಾರಿಗೆ ಏನು ಹೇಳಲಿ? ಎರಡು ಬೆರಳು ನೀರಿದ್ದ ತಂಬಿಗೆ ಹಿಡಿದು ಮಂಗನ ಹಾಗೆ ನಿಂತೆ. ಒಳಗಿನಿಂದ ಅವಳ ದನಿ: "ಹಾಕಿದ್ರೇನ್ರಿ?"

"ಹಾಕಿದೆ," ಅಂದೆ.

ಗಟಾರಕ್ಕೆ ಚೆಲ್ಲಲು ಕೈ ಬರಲಿಲ್ಲ. ಅಟ್ಟದ ಹನ್ನೊಂದು ಮೆಟ್ಟಿಲ ನಿಚ್ಚಣಿಕೆಯನ್ನು ಒಂದೇ ಉಸಿರಿಗೆ ಹತ್ತಿ (ಅರವತ್ತೊಂದಕ್ಕೆ ಯಾರು ಹತ್ತುತ್ತಾರೆ, ತೋರಿಸಿ) ಹಳೆಯ ಟ್ರಂಕಿನ ಹಿಂದೆ, ಸಿಂಬೆಯ ಮೇಲೆ ಇಟ್ಟು ಬಂದೆ. ಈ ಬಿಸಿಲಿಗೆ ಎರಡು ದಿನದಲ್ಲಿ ಆರಿಹೋಗುತ್ತದೆ. ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ತೊಟ್ಟಿ ಇಳಿಸಿದರು. ಕೂಡಿಸಲು ಕೋಲ್ಹಾಪುರದಿಂದ ಬಂದ ಫಿಟ್ಟರ್ ರಾವಸಾಹೇಬ ಚುರುಕಿನ ಮನುಷ್ಯ. ಹೋಗುವಾಗ, "ಕಾಕಾ, ಒಂದ ಮಾತ ನೆನಪ ಇಡ್ರಿ. ಮಳಿಗಾಲದಾಗ ಇದನ್ನ ಖಾಲಿ ಮಾಡಬ್ಯಾಡ್ರಿ. ಒಳಗ ನೀರಿನ ಭಾರ ಇದ್ರ ಇದು ಕುಂತಿರತೈತಿ. ಖಾಲಿ ಆತಂದ್ರ ನೆಲದಾಗಿನ ನೀರು ಇದನ್ನ ಮ್ಯಾಲ ಎತ್ತತೈತಿ," ಎಂದ. ಮಳೆಗಾಲದಲ್ಲಿ ನೀರು ಖಾಲಿ ಮಾಡುವ ಹುಚ್ಚ ಯಾವನಪ್ಪ ಎಂದು ನಕ್ಕೆ.

30 ಏಪ್ರಿಲ್, ಶನಿವಾರ

ಕೊಳ ತುಂಬಿತು. ಸುತ್ತ ಸಿಮೆಂಟಿನ ಅಂಚು ಕಟ್ಟಿ ಮುಗಿಯಿತು. ರಸಮಟ್ಟ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ಓರೆಯಿಲ್ಲ. ಅಡುಗೆಮನೆಯ ಕಡೆಯ ತುದಿಯ ಕೆಳಗೆ ಬಾವಿ ಇತ್ತೆಂದು ಈಗ ಹೇಳಿದರೂ ಯಾರೂ ನಂಬಲಾರರು.

ಕಮಲಾಗೆ ಕುಡಿಯುವ ನೀರನ್ನು ಬೀರಸಿದ್ದಪ್ಪ ಹೊಲದ ಬಾವಿಯಿಂದ ತರುತ್ತಾನೆ. ಸೋಸಿ ಉಳಿದದ್ದನ್ನು ಇನ್ನೊಂದು ತಂಬಿಗೆಯಲ್ಲಿ ಅಲ್ಲಿಗೇ ತಿರುಗಿ ಒಯ್ಯುತ್ತಾನೆ. ಹಳೆಯದನ್ನು ಬಾವಿಯ ನೆನಪಿಗೆ ಎತ್ತಿಟ್ಟಿದ್ದೇನೆ ಎಂದು ಕಮಲಾಗೆ ಹೇಳಿದ್ದೇನೆ.

ಅಟ್ಟಕ್ಕೆ ಹೋಗಿದ್ದೆ. ತಂಬಿಗೆಯಲ್ಲಿ ಎರಡು ಬೆರಳು ನೀರು. ಒಂಬತ್ತು ದಿನವಾಯಿತು. ಮೇಲೆ ತಗಡು, ಮುಟ್ಟಿದರೆ ಕೈ ಸುಡುತ್ತದೆ. ತಾಮ್ರದ ಗುಣ ಇದ್ದೀತು.

9 ಮೇ, ಸೋಮವಾರ

ಕಮಲಾ ಇವತ್ತು ನೀರಿಗಿಳಿದಳು! ಮೆಟ್ಟಿಲ ಮೇಲೆ ಅರ್ಧ ತಾಸು ಕುಳಿತು, ಸೀರೆಯ ಸೆರಗು ಬಿಗಿದು, ಣಮೋಕಾರ ಮಂತ್ರ ಹೇಳಿ ಇಳಿದಳು. ನಾನು ದಂಡೆಯ ಮೇಲಿನಿಂದ ಕೈ ಹಿಡಿದಿದ್ದೆ. ನಾಲ್ಕು ಸುತ್ತು. ಎರಡು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ನೀರು ಸಿಡಿಯಿತೆಂದು ಒರೆಸಿಕೊಂಡೆ.

ಅಡುಗೆಮನೆಯ ಕಡೆಯ ತುದಿಗೆ ಬಂದಾಗಲೆಲ್ಲ ನಿಲ್ಲುತ್ತಿದ್ದಳು. "ಇಲ್ಲೆ ಅಂಗಾಲು ಭಾಳ ತಣ್ಣಗ ಆಗತಾವ್ರಿ. ಕೆಳಗ ಯಾರೋ ನೀರ ಸೇದಾಕತ್ತಾರ ಅನಸತೈತಿ. ನಿಮಗ ಕೇಳಸೂದಿಲ್ಲೇನ್ರಿ?"

"ಏನೂ ಇಲ್ಲ, ನಡಿ," ಅಂದೆ. ನಿಜವಾಗಿಯೂ ನನಗೇನೂ ಕೇಳಿಸಲಿಲ್ಲ.

ನಿಚ್ಚಣಿಕೆ ಇಳಿಯುವಾಗ ಎಡ ಮೊಣಕಾಲು ಕಟ್ ಎಂದಿತು. ಬಗ್ಗಿ ನಿಂತು ಕೈ ಹಿಡಿದದ್ದಕ್ಕೆ ಇರಬೇಕು. ನೀರು ಎರಡು ಬೆರಳು.

2 ಜೂನ್, ಗುರುವಾರ

ಮೂವತ್ತು ಸುತ್ತು! ಕೈ ಬಿಡಿಸಿಕೊಂಡು ನಡೆಯುತ್ತಾಳೆ. ನೆಲದ ಮೇಲೂ ಕೋಲು ಇಲ್ಲದೆ ಮೂರು ಹೆಜ್ಜೆ ಇಟ್ಟಳು. ಗೋಕಾಕದ ನಮ್ಮ ಬಟ್ಟೆ ಅಂಗಡಿಯಿಂದ ಮಗ ತೇಜಸ ಓಡಿ ಬಂದು ನೋಡಿ, ಪೇಢೆ ಹಂಚಿ ಹೋದ. ಆಡಿಕೊಂಡವರೆಲ್ಲ ಈಗ ಬಂದು ಕೊಳಕ್ಕೆ ಕೈ ಮುಗಿಯದಿದ್ದರೆ ಸಾಕು.

ಬೆಳಿಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುತ್ತದೆ. ಅಟ್ಟಕ್ಕೆ ಹೋಗಿ ನೋಡಿ ಬರುತ್ತೇನೆ. ಆರನೆಯ ಮೆಟ್ಟಿಲಲ್ಲಿ ನಿಂತು ದಮ್ಮು ತೆಗೆದುಕೊಳ್ಳುತ್ತೇನೆ. ನೋಡುವುದು ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಆ ಜೀವಗಳು ಇದ್ದಾವೋ ಇಲ್ಲವೋ ತಿಳಿಯಬೇಕಲ್ಲ.

26 ಜೂನ್, ರವಿವಾರ

ಮಳೆ ಹಿಡಿಯಿತು. ನಿನ್ನೆ ಸಂಜೆ ಹಿತ್ತಲಿನ ದೀಪಕ್ಕೆ ರೆಕ್ಕೆಹುಳುಗಳು ಮುತ್ತಿದ್ದವು. ಬೆಳಿಗ್ಗೆ ನೋಡಿದರೆ ಕೊಳದ ನೀರೇ ಕಾಣದಷ್ಟು ಸತ್ತ ಹುಳು. ಕಮಲಾ ಮೆಟ್ಟಿಲ ತನಕ ಬಂದವಳು ತಿರುಗಿ ಹೋದಳು.

"ನನ್ನ ಎರಡ ಕಾಲಿಗೆ ಎಷ್ಟ ಸಾವಿರ ಜೀವಾರಿ?" ಎಂದಳು. ದೀಪ ತೆಗೆಸಿದೆ. ಬಲೆ ಹೊದಿಸಿದೆ. ಆದರೂ ಬೀಳುತ್ತವೆ. ಸುತ್ತು ಇಲ್ಲ.

19 ಜುಲೈ, ಮಂಗಳವಾರ

ನಾಳೆಯಿಂದ ಚಾತುರ್ಮಾಸ. ಮಳೆಯ ನಾಲ್ಕು ತಿಂಗಳು ಜೀವ ಹೆಚ್ಚು ಹುಟ್ಟುವ ಕಾಲ. ಮುನಿಗಳು ಸಹ ಇದ್ದ ಊರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅಂಥದರಲ್ಲಿ ಹಿತ್ತಲಲ್ಲಿ ಕ್ಲೋರಿನ್ ಔಷಧಿ ಹಾಕಿದ ನೀರನ್ನು ತೆರೆದಿಟ್ಟುಕೊಂಡು ಕೂಡುವುದೆಂದರೇನು ಎಂದು ಕಮಲಾ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಖಾಲಿ ಮಾಡಲೇಬೇಕಂತೆ.

ರಾವಸಾಹೇಬನ ಮಾತು ನೆನಪಿದೆ. ಆದರೆ ಅವನಿಗೆ ಯಂತ್ರ ಗೊತ್ತು, ಮನೆಯಲ್ಲಿ ಉಪವಾಸ ಕುಳಿತ ಹೆಂಗಸು ಗೊತ್ತಿಲ್ಲ. ಬೀರಸಿದ್ದಪ್ಪನಿಗೆ ಪಂಪು ಹಚ್ಚಲು ಹೇಳಿದೆ. ಅವನು ಪೈಪನ್ನು ಕೊಳಕ್ಕೆ ಇಳಿಬಿಡುತ್ತ ಕೇಳಿದ.

"ಸಾವ್ಕಾರ್ರ, ಇದೂ ಖಾಲಿ ಆದ್ರ ಬಾವಿ ಮ್ಯಾಲ ಭಾರ ಏನ ಉಳೀತ್ರಿ?"

"ಬಾವಿ ಎಲ್ಲಿ ಐತೋ ಈಗ? ಮುಚ್ಚೇವಲ್ಲ."

"ಬಾಯಿ ಮುಚ್ಚೇವ್ರಿ," ಎಂದ. ಸಂಜೆಯ ಹೊತ್ತಿಗೆ ತಳ ಒಣಗಿತು. ಕಮಲಾ ಊಟ ಮಾಡಿದಳು.

26 ಜುಲೈ, ಮಂಗಳವಾರ

ಮೂರು ದಿನದಿಂದ ಮಳೆ ಒಂದು ಗಳಿಗೆಯೂ ಬಿಟ್ಟಿಲ್ಲ. ಕೊಳದ ಸುತ್ತಲಿನ ಸಿಮೆಂಟಿನ ಅಂಚು ಬಿರುಕು ಬಿಟ್ಟಿದೆ. ತೊಟ್ಟಿಯ ಕಂಠ ಅಂಚಿಗಿಂತ ಒಂದು ಬೆರಳು ಮೇಲಿದೆ. ಅದರ ಮೈಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ನೆಲದ ನೀರು ಏರಿ ಎತ್ತುತ್ತಿದೆ, ಅಷ್ಟೇ. ವಿಜ್ಞಾನವೇ ಹೇಳುತ್ತದೆ, ರಾವಸಾಹೇಬನೂ ಹೇಳಿದ್ದ. ಗಾಬರಿಯ ಮಾತಿಲ್ಲ.

ಅಟ್ಟದಲ್ಲಿ ತಂಬಿಗೆ ಅರ್ಧಕ್ಕೆ ಬಂದಿದೆ. ತಗಡು ಸೋರುತ್ತಿರಬೇಕು. ಸುತ್ತಮುತ್ತ ಎಲ್ಲಿಯೂ ಹಸಿ ಇಲ್ಲ. ಇಳಿಯುವಾಗ ಮಕ್ಕಳಂತೆ ಒಂದೊಂದೇ ಮೆಟ್ಟಿಲ ಮೇಲೆ ಕುಳಿತು ಇಳಿದೆ. ಮಳೆಯ ಥಂಡಿಗೆ ಮೊಣಕಾಲು ಹಿಡಿದುಬಿಟ್ಟಿವೆ.

29 ಜುಲೈ, ಶುಕ್ರವಾರ

ತೊಟ್ಟಿ ನಾಲ್ಕು ಬೆರಳು ಎದ್ದಿದೆ. ಘಟಪ್ರಭೆ ದಂಡೆ ಮೀರಿದೆ, ಗೋಕಾಕದ ರಸ್ತೆ ಬಂದ್, ತೇಜಸ ಆ ಕಡೆಯೇ ಉಳಿದ. ಫೋನು ಒಂದು ಕ್ಷಣ ಸಿಕ್ಕಿತು. ರಾವಸಾಹೇಬ ಕೂಗಿದ, "ಕಾಕಾ, ಲಗೂನ ನೀರ ತುಂಬಸ್ರಿ! ಪೂರಾ ಎದ್ದಬಿಡತೈತಿ!" ಎಲ್ಲಿಂದ ತುಂಬಿಸಲಿ? ಕರೆಂಟು ಹೋಗಿ ನಾಲ್ಕು ದಿನ. ಮಳೆನೀರು ತುಂಬಲೆಂದರೆ, ಕಮಲಾಳ ಮಾತಿಗೆ ಮೇಲೆ ಹೊದಿಸಿದ ತಾಡಪತ್ರಿ ತೆಗೆಯಲು ಅವಳು ಬಿಡುವುದಿಲ್ಲ.

ತೊಟ್ಟಿ ಓರೆಯಾಗಿಲ್ಲ. ರಸಮಟ್ಟ ಇಟ್ಟು ನೋಡಿದೆ. ಯಾರೋ ಕೆಳಗಿನಿಂದ ಎರಡೂ ಕೈಯಲ್ಲಿ ಹುಷಾರಾಗಿ ಎತ್ತಿ ಹಿಡಿದಂತಿದೆ.

1 ಆಗಸ್ಟ್, ಸೋಮವಾರ

ಒಂದು ಗೇಣು.

ಅಡುಗೆಮನೆಯ ಕಡೆಯ ಅಂಚು ಕುಸಿದು ತೋಳು ಹೋಗುವಷ್ಟು ಸಂದು ಬಿದ್ದಿದೆ. ಒಳಗೆ ಕಪ್ಪು ನೀರು. ಬೆಳಿಗ್ಗೆ ಐದಕ್ಕೆ ಅಲ್ಲಿಂದ ಸದ್ದು ಬಂತು. ಹಗ್ಗ ತಿಕ್ಕಿದ ಸದ್ದು. ಆಮೇಲೆ ತಾಮ್ರ ನೀರಿಗೆ ತಾಗಿದ ಸದ್ದು. ಆಮೇಲೆ ಏನೂ ಇಲ್ಲ. ಮೂವತ್ತಾರು ವರ್ಷ ಹಾಸಿಗೆಯಲ್ಲಿ ಮಲಗಿ ಕೇಳಿದ ಸದ್ದು ನನಗೆ ಗುರುತು ಸಿಗದೆ ಇರುತ್ತದೆಯೇ?

ಕಮಲಾಳ ಕಾಲು ಮತ್ತೆ ಬಿಗಿದಿವೆ. ನೀರು ಬಿಟ್ಟು ಐದು ವಾರವಾಯಿತು. ಮೂರು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಮಾಡಿದ್ದೆಲ್ಲ ಹೊಳೆಯಲ್ಲಿ ಹೋಯಿತೇ? ಮಲಗಿದಲ್ಲೇ ಗೋಡೆಯ ಕಡೆ ಮುಖ ಮಾಡಿ ಅವಳು ಕೇಳಿದಳು:

"ಅವತ್ತ ನೀವು ಖರೇನ ಹಾಕಿದ್ರೇನ್ರಿ?"

"ಹಾಕಿದೆ ಅಂತ ಹೇಳಿಲ್ಲೇನು?"

"ಹಂಗಾದ್ರ ಕೆಳಗಿಂದ ಕೇಳಾಕತ್ತವರು ಯಾರ್ರಿ?"

ಅವಳೂ ಕೇಳಿಸಿಕೊಂಡಿದ್ದಾಳೆ.

3 ಆಗಸ್ಟ್, ಬುಧವಾರ

ನನಗೆ ಹೆದರಿಕೆಯಾಗಿದೆ. ಬರೆದಿಡುತ್ತೇನೆ.

ತಂಬಿಗೆ ಕಂಠಮಟ್ಟ ತುಂಬಿತ್ತು. ಬೆಳಿಗ್ಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಕುಳಿತೇ ನಿಚ್ಚಣಿಕೆ ಇಳಿದೆ. ಹಿತ್ತಲಲ್ಲಿ ಕಾಲು ನಿಲ್ಲಲಿಲ್ಲ, ಕೆಸರಲ್ಲಿ ಅಂಬೆಗಾಲಿಟ್ಟು ಸಂದಿನ ತನಕ ಹೋದೆ. ಎರಡೂ ಹಗ್ಗ ಹಿಡಿದು ಇಳಿಸಿದೆ. ತಳದ ಹಗ್ಗ ಎಳೆದೆ. ಹೊರಳಿದ್ದು ಕೈಗೆ ಗೊತ್ತಾಯಿತು. ಮೇಲೆತ್ತಿದೆ. ತಂಬಿಗೆ ತುಂಬಿಯೇ ಇತ್ತು.

ಮತ್ತೆ ಇಳಿಸಿದೆ. ಮತ್ತೆ ತುಂಬಿ ಬಂತು. ಮೂರನೆಯ ಸಲವೂ.

ಹೊರಳಿಸಿದ ತಂಬಿಗೆ ನೀರಿಗೆ ತಾಗಿ ತಿರುಗಿ ತುಂಬಿಕೊಂಡಿರಬಹುದು. ನನ್ನ ಕೈಗೆ ಆ ಕೆಲಸದ ರೂಢಿಯಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮೂರನೆಯ ಸಲ ಹಗ್ಗ ಎಳೆದಾಗ ಆ ಕಡೆಯಿಂದಲೂ ಯಾರೋ ಎಳೆದರು. ಜೋರಾಗಿ ಅಲ್ಲ. ಬ್ಯಾಡ ಎಂದು ಕೈ ಸರಿಸುವಷ್ಟು.

4 ಆಗಸ್ಟ್, ಗುರುವಾರ

ಹೇಳಿಬಿಟ್ಟೆ.

ತಂಬಿಗೆಯನ್ನು ಅವಳ ಹಾಸಿಗೆಯ ಬಾಜೂ ಇಟ್ಟು, ನೆಲದ ಮೇಲೆ ಕುಳಿತು ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ತಂಬಿಗೆಯೊಳಗೆ ನೋಡುತ್ತ ಕುಳಿತಳು.

"ಎಷ್ಟ ದಿನ ಆತ್ರಿ?"

"ನೂರಾ ಐದು."

"ನೂರಾ ಐದ ದಿನ ಅಟ್ಟದ ಮ್ಯಾಲ," ಎಂದಳು. "ಮ್ಯಾಲ ತಗಡ ಕಾಯತೈತಿ, ಅಲ್ರಿ?"

ನನಗೆ ಅಳು ಬಂತು. ತಡೆಯಲಿಲ್ಲ. ತಲೆ ಎತ್ತಿದಾಗ ಅವಳು ಎದ್ದು ನಿಂತಿದ್ದಳು. ಗೋಡೆ ಹಿಡಿಯದೆ, ಕೋಲು ಹಿಡಿಯದೆ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು. ನಡೆದಳು. ನಾನು ಹೊಸ್ತಿಲಲ್ಲಿ ಕುಳಿತು ಎಣಿಸಿದೆ, ಇಪ್ಪತ್ತೆರಡು ಹೆಜ್ಜೆ. ಕೆಸರಲ್ಲಿ ಒಂದೂ ಜಾರಲಿಲ್ಲ. ಸಂದಿನ ಹತ್ತಿರ ಕುಳಿತು, ತುಟಿ ಅಲ್ಲಾಡಿಸುತ್ತ ಹಗ್ಗ ಬಿಟ್ಟಳು. ತಳದ ಹಗ್ಗವನ್ನು ಎಳೆದದ್ದು ಕಾಣಿಸಲಿಲ್ಲ, ಅಷ್ಟು ಮೆಲ್ಲಗೆ.

ತಂಬಿಗೆ ಖಾಲಿಯಾಗಿ ಮೇಲೆ ಬಂತು. ಒಳಗೆ ಒಂದು ಹನಿಯೂ ಇರಲಿಲ್ಲ. ಅರಿವೆಯಿಂದ ಒರೆಸಿಟ್ಟಂತೆ ಒಣಗಿತ್ತು.

ನನ್ನನ್ನು ಹೊಸ್ತಿಲಿನಿಂದ ಎಬ್ಬಿಸಲು ಬೀರಸಿದ್ದಪ್ಪ ಬರಬೇಕಾಯಿತು. ಬಹಳ ಹೊತ್ತು ಕುಳಿತಿದ್ದೆನಲ್ಲ, ಕಾಲು ಜೋಮು ಹಿಡಿದಿದ್ದವು.

6 ಆಗಸ್ಟ್, ಶನಿವಾರ

ಮಳೆ ನಿಂತಿಲ್ಲ, ಹೊಳೆ ಇಳಿದಿಲ್ಲ. ಕೊಳ ಇಳಿದಿದೆ. ಬೆಳಿಗ್ಗೆ ನೋಡಿದರೆ ಕಂಠ ಅಂಚಿನ ಸಮಕ್ಕೆ. ರಸಮಟ್ಟದ ಗುಳ್ಳೆ ನಡುವಿನಲ್ಲೇ ನಿಂತಿತು. ನಾನು ತಾರೀಖು ಬರೆದ ಗೆರೆಗಳೆಲ್ಲ ಈಗ ನೆಲದೊಳಗೆ.

21 ಆಗಸ್ಟ್, ರವಿವಾರ

ರಸ್ತೆ ತೆರೆದ ಮೇಲೆ ರಾವಸಾಹೇಬ ಬಂದ. ಸುತ್ತಲೂ ಬಡಿದು, ಒಳಗೆ ಇಳಿದು ತುಳಿದು ನೋಡಿದ. "ಕಾಕಾ, ಇದು ಎದ್ದಿಲ್ಲರಿ. ಒಂದ ಸರ್ತಿ ಎದ್ದದ್ದು ತಿರುಗಿ ಹಿಂಗ ಕುಂದರೂದಿಲ್ಲ, ಕೆಳಗ ಮಣ್ಣ ಕುಸಿದಿರತೈತಿ. ಸಿಮೆಂಟ ಅಷ್ಟ ಸೀಳೈತಿ," ಎಂದ. ವಾದ ಮಾಡಲಿಲ್ಲ. ಕಮಲಾ ಅವನಿಗೆ ಚಹಾ ತಂದು ಕೊಟ್ಟಳು, ತಾನೇ ನಡೆದು ಬಂದು. ಅವನು ಅವಳ ಕಾಲು ನೋಡಿದ, ಆಮೇಲೆ ನನ್ನದನ್ನು ನೋಡಿದ.

18 ಸೆಪ್ಟೆಂಬರ್, ರವಿವಾರ

ದಶಲಕ್ಷಣ ಪರ್ವ ಮುಗಿಯಿತು. ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಕಮಲಾಳ ಮುಂದೆ ಕೈ ಜೋಡಿಸಿದೆ. "ನನಗ್ಯಾಕ ಕೇಳತೀರಿ?" ಎಂದು ಹಿತ್ತಲ ಕಡೆ ನೋಡಿದಳು. ಹೋಗಿ ಅಲ್ಲಿಯೂ ಕೇಳಿಕೊಂಡೆ. ಯಾರಾದರೂ ನೋಡಿದರೆ ಏನಂದಾರು ಎಂದು ಹೊಳೆಯಲೂ ಇಲ್ಲ.

ಅವಳಿಗೆ ಬೇಡವಾದ ಕೋಲು ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಕೈಗಿರಲಿ ಎಂದು ಹಿಡಿದುಕೊಂಡಿದ್ದೇನೆ. ಸೂರ್ಯ ಮುಳುಗಿದ ಮೇಲೆ ಈಗೀಗ ಊಟ ಸೇರುವುದಿಲ್ಲ. ನಳದ ನೀರು ಕುಡಿದರೆ ಗಂಟಲಲ್ಲಿ ಏನೋ ನಿಂತಂತಾಗುತ್ತದೆ, ಹಾಗಾಗಿ ನನಗೂ ಅವಳೇ ಸೋಸಿ ಕೊಡುತ್ತಾಳೆ.

12 ಅಕ್ಟೋಬರ್, ಬುಧವಾರ

ತೇಜಸ ಹಟ ಹಿಡಿದು ಮಿರಜಕ್ಕೆ ಕರೆದೊಯ್ದ. ಅದೇ ಡಾಕ್ಟರು. ಕಮಲಾ ಮೆಟ್ಟಿಲು ಹತ್ತಿ ಬಂದದ್ದು ನೋಡಿ ಕುರ್ಚಿಯಿಂದ ಎದ್ದರು. ಆಮೇಲೆ ನನ್ನ ಕಾಲಿನ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಎಲುಬು ಚಲೋ ಇದೆಯಂತೆ, ಎಲ್ಲಿಯೂ ಏನೂ ಇಲ್ಲವಂತೆ. ಕಾಲು ಯಾಕೆ ಏಳುತ್ತಿಲ್ಲವೆಂದು ಅವರಿಗೂ ತಿಳಿಯಲಿಲ್ಲ. "ಕೊಳ ಮನೆಯಲ್ಲೇ ಇದೆಯಲ್ಲ," ಎಂದರು.

17 ನವೆಂಬರ್, ಗುರುವಾರ

ಚಾತುರ್ಮಾಸ ಮುಗಿಯಿತು. ಕೊಳ ತುಂಬಿಸಿದೆವು. ಔಷಧಿ ಹಾಕಿಲ್ಲ. ತುಂಬುವಾಗ ಪೈಪಿನ ಬಾಯಿಗೆ ನಾನೇ ಎರಡು ಮಡಿಕೆ ಅರಿವೆ ಕಟ್ಟಿದೆ. ಎರಡು ದಿನ ಹಿಡಿಯಿತು. ಅರಿವೆಯಲ್ಲಿ ಉಳಿದದ್ದನ್ನು ಬೀರಸಿದ್ದಪ್ಪ ಹೊಲದ ಬಾವಿಗೆ ಒಯ್ದು ಇಳಿಸಿದ. ನೀರು ಅಲ್ಲಿಯದೇ.

ಬೆಳಿಗ್ಗೆ ಐದಕ್ಕೆ ಇಳಿದೆ. ಬೀರಸಿದ್ದಪ್ಪ ಎತ್ತಿ ಮೆಟ್ಟಿಲ ಮೇಲೆ ಕೂಡಿಸಿದ, ಕಮಲಾ ದಂಡೆಯ ಮೇಲಿನಿಂದ ಕೈ ಹಿಡಿದಳು. ನೀರಲ್ಲಿ ಕಾಲು ಹಗುರಾದವು. ಎಷ್ಟೋ ದಿನದ ಮೇಲೆ ನಾನು ನನ್ನಷ್ಟಕ್ಕೆ ನಿಂತೆ.

ಅಡುಗೆಮನೆಯ ಕಡೆಯ ತುದಿಗೆ ಬಂದಾಗ ಅಂಗಾಲು ತಣ್ಣಗಾದವು. ನಿಂತೆ. ಕೆಳಗೆ ಹಗ್ಗ ತಿಕ್ಕಿತು. ತಾಮ್ರ ನೀರಿಗೆ ತಾಗಿತು. ನಮ್ಮ ತಂಬಿಗೆ ಅಡುಗೆಮನೆಯ ಗೂಟಕ್ಕೆ ಬೋರಲಾಗಿ ತೂಗುತ್ತಿರುವುದು ಒಳಗಿನ ದೀಪದ ಬೆಳಕಲ್ಲಿ ಅಲ್ಲಿಂದಲೇ ಕಾಣುತ್ತಿತ್ತು.

"ಕೇಳಸ್ತೇನ್ರಿ?" ಎಂದಳು ಕಮಲಾ.

ಏನೂ ಇಲ್ಲ ಎನ್ನಲು ಬಾಯಿ ತೆರೆದೆ. "ಹೂಂ," ಅಂದೆ. "ಕೇಳಸ್ತು."

ಅವಳು ಕೈ ಬಿಗಿಯಾಗಿ ಹಿಡಿದಳು. "ಹಂಗಾದ್ರ ನಿಂದರಬ್ಯಾಡ್ರಿ, ನಡೀರಿ. ಅವ್ರ ಕೆಲಸ ಅವ್ರು ಮಾಡ್ಲಿ."

ನಡೆದೆ. ಮೊದಲ ದಿನವಲ್ಲವೇ, ನಾಲ್ಕೇ ಸುತ್ತು.